ಮೀನಿನ ಬೀಜ, ಮುಖದ ಕಾಂತಿ
ಸೌಂದರ್ಯಚಿಕಿತ್ಸೆಯ ಇತಿಹಾಸದಲ್ಲಿ ಅಹಿಂಸೆಯ ಪ್ರಶ್ನೆ

ಸೊರಬ ತಾಲ್ಲೂಕಿನ ಉಳವಿ ಒಂದು ಹೋಬಳಿ ಕೇಂದ್ರ. ಚೆನ್ನಬಸವಣ್ಣನವರ ಸಮಾಧಿಯಿಂದ ಪ್ರಸಿದ್ಧವಾದ ಉತ್ತರ ಕನ್ನಡದ ಉಳವಿ ಬೇರೆ, ಇದು ಬೇರೆ. ಅಡಕೆ ತೋಟ, ಭತ್ತದ ಗದ್ದೆ, ಊರೂರಿಗೊಂದು ಕೆರೆ ಇವು ಈ ಸೀಮೆಯ ಸಂಪತ್ತು. ಮುಂಗಾರಿನ ಮೊದಲ ಮಳೆಗೆ ಹಳ್ಳದ ಮೀನುಗಳು ಮೊಟ್ಟೆಯಿಡಲು ನೀರಿನ ಸೆಳೆತಕ್ಕೆ ಎದುರಾಗಿ ಗದ್ದೆಯ ಕಡೆಗೆ ಹತ್ತಿಬರುತ್ತವೆ. ಮಲೆನಾಡಿಗರು ಇದನ್ನು ಹತ್ತುಮೀನು ಎನ್ನುತ್ತಾರೆ. ಬೇಸಿಗೆಯಲ್ಲಿ ಕೆರೆಯ ನೀರು ಇಳಿದಾಗ ಸೊರಬ, ಸಾಗರಗಳ ಊರುಗಳಲ್ಲಿ ಕೆರೆಬೇಟೆ ನಡೆಯುತ್ತದೆ. ಈ ಬೇಟೆಯನ್ನು ಜೈನ ಮನೆತನಗಳು ದೂರದಿಂದಲೇ ಕಂಡಿವೆ. ಅಲ್ಲಿ ನಡೆಯುವುದು ಪ್ರಾಣಿವಧೆ ಎಂಬುದು ಕಣ್ಣಿಗೆ ಕಾಣುವ ಸಂಗತಿಯಾದುದರಿಂದ ದೂರವಿರುವುದು ಕಷ್ಟವಾಗಿರಲಿಲ್ಲ.

ಈಗ ಅದೇ ಮತ್ಸ್ಯಜೀವಿಯ ಅಂಶವು ಕಣ್ಣಿಗೆ ಕಾಣದ ರೂಪದಲ್ಲಿ, ಸಣ್ಣ ಗಾಜಿನ ಸೀಸೆಯಲ್ಲಿ, ನಗರದ ಚರ್ಮಚಿಕಿತ್ಸಾಲಯಗಳಿಗೆ ಬಂದಿದೆ. ಮುಖದ ಸುಕ್ಕು, ಕಣ್ಣಿನ ಕೆಳಗಿನ ಕಪ್ಪು, ಮೊಡವೆಯ ಕಲೆ ಇವುಗಳಿಗಾಗಿ ಚರ್ಮದೊಳಕ್ಕೆ ಚುಚ್ಚುವ ಪಾಲಿನ್ಯೂಕ್ಲಿಯೋಟೈಡ್ ಎಂಬ ದ್ರವ್ಯವು ಬಹುತೇಕ ಸಾಲ್ಮನ್ ಅಥವಾ ಟ್ರೌಟ್ ಜಾತಿಯ ಗಂಡು ಮೀನಿನ ವೀರ್ಯದಿಂದ ತೆಗೆದದ್ದು. ಇದನ್ನು ಸ್ವೀಕರಿಸಬಹುದೇ ಎಂಬ ಪ್ರಶ್ನೆ ಹೊಸದಾಗಿ ಕಂಡರೂ, ದೇಹ, ಕಾಂತಿ, ಔಷಧ, ಅಹಿಂಸೆ ಇವುಗಳ ಸಂಬಂಧದ ವಿಚಾರ ಜೈನ ಪರಂಪರೆಗೆ ಹೊಸದಲ್ಲ. ಉಳವಿಯ ಸುತ್ತಲಿನ ಶಾಸನಗಳಿಂದಲೇ ಈ ವಿಚಾರವನ್ನು ಆರಂಭಿಸಬಹುದು.

ಬಂದಳಿಕೆಯ ನೆನಪು

ಇಂದಿನ ಸೊರಬ, ಶಿಕಾರಿಪುರ ತಾಲ್ಲೂಕುಗಳು ಪ್ರಾಚೀನ ಬನವಾಸಿ ಹನ್ನೆರಡು ಸಾಸಿರಕ್ಕೆ ಸೇರಿದ ಭೂಭಾಗ. ಸೊರಬ ತಾಲ್ಲೂಕಿನ ಕುಪ್ಪಟೂರಿನಲ್ಲಿ 11ನೆಯ ಶತಮಾನದ ಉತ್ತರಾರ್ಧದಲ್ಲಿ ಕದಂಬ ಕೀರ್ತಿದೇವನ ರಾಣಿ ಮಾಳಲದೇವಿ ಪಾರ್ಶ್ವದೇವ ಚೈತ್ಯಾಲಯವನ್ನು ಕಟ್ಟಿಸಿದಳು. ಅದೇ ತಾಲ್ಲೂಕಿನ ಹಿರೇಆವಲಿಯಲ್ಲಿ ಸಮಾಧಿಮರಣವನ್ನು ಸ್ವೀಕರಿಸಿದ ಶ್ರಾವಕ ಶ್ರಾವಿಕೆಯರ ಅನೇಕ ನಿಷಿಧಿಗಲ್ಲುಗಳಿವೆ. ಶಿಕಾರಿಪುರ ತಾಲ್ಲೂಕಿನ ಬಂದಳಿಕೆ, ಅಂದಿನ ಬಂದಣಿಕೆ, ನಾಗರಖಂಡ ಎಪ್ಪತ್ತರ ತೀರ್ಥಸ್ಥಾನವಾಗಿತ್ತು. ಅಲ್ಲಿನ ಶಾಂತಿನಾಥ ಬಸದಿ ಇಂದಿಗೂ ಆ ವೈಭವವನ್ನು ನೆನಪಿಸುತ್ತದೆ.

ಬಂದಳಿಕೆಯ ಒಂದು ಶಾಸನದ ನಾಯಿಕೆ ಜಕ್ಕಿಯಬ್ಬೆ. ಕಾಲ 10ನೆಯ ಶತಮಾನದ ಆರಂಭ, ರಾಷ್ಟ್ರಕೂಟರ ಆಳ್ವಿಕೆ. ನಾಗರಖಂಡ ಎಪ್ಪತ್ತರ ನಾಳ್ಗಾವುಂಡನಾಗಿದ್ದ ಆಕೆಯ ಪತಿ ಸತ್ತರಸ ನಾಗಾರ್ಜುನನು ತೀರಿಕೊಂಡ ಮೇಲೆ ಆ ಅಧಿಕಾರ ಜಕ್ಕಿಯಬ್ಬೆಗೆ ಬಂದಿತು. ಆಡಳಿತದಲ್ಲಿ ಆಕೆಯ ಸಾಮರ್ಥ್ಯವನ್ನೂ ಜಿನಶಾಸನದಲ್ಲಿ ಆಕೆಯ ಭಕ್ತಿಯನ್ನೂ ಹೊಗಳಿದ ಶಾಸನಕವಿ ಆಕೆಯ ರೂಪವನ್ನೂ ಹೊಗಳಲು ಮರೆತಿಲ್ಲ. ರೂಪವಿತ್ತು, ಅಧಿಕಾರವಿತ್ತು, ಆದರೆ ದೇಹಕ್ಕೆ ವ್ಯಾಧಿ ತಗುಲಿದಾಗ ಭೋಗಗಳು ನಿಸ್ಸಾರವೆಂದು ಬಗೆದು, ಮಗಳನ್ನು ಕರೆಸಿ ಸಂಪತ್ತನ್ನು ಒಪ್ಪಿಸಿ, ಬಂದಣಿಕೆಯ ಬಸದಿಯಲ್ಲಿ ವ್ರತವನ್ನು ಕೈಗೊಂಡು ದೇಹವನ್ನು ಬಿಟ್ಟಳು.

ಈ ಶಾಸನ ರೂಪವನ್ನು ನಿಂದಿಸುವುದಿಲ್ಲ. ರೂಪವು ಆಕೆಗೆ ಸಹಜವಾಗಿ ಒದಗಿದ ಗುಣಗಳಲ್ಲಿ ಒಂದು. ಅದು ಹೋಗುವ ಕಾಲ ಬಂದಾಗ ಹಿಡಿದಿಡಲು ಆಕೆ ಹೆಣಗಲಿಲ್ಲ. ಶಾಸನದ ತಿರುಳು ಇದೇ.

ಸನತ್ಕುಮಾರನ ಕಥೆ

ಇದೇ ತಿರುಳು ಕಥಾರೂಪದಲ್ಲಿ ಪ್ರಾಚೀನ ಕನ್ನಡ ಗದ್ಯಕೃತಿ ವಡ್ಡಾರಾಧನೆಯ ಸನತ್ಕುಮಾರ ಚಕ್ರವರ್ತಿಯ ಕಥೆಯಲ್ಲಿದೆ. ಚಕ್ರವರ್ತಿಯ ರೂಪದ ಹೊಗಳಿಕೆಯನ್ನು ಕೇಳಿ ನೋಡಲು ಬಂದ ದೇವತೆಗಳು, ಅಲಂಕಾರವಿಲ್ಲದ ಆತನ ಸಹಜ ರೂಪಕ್ಕೆ ಬೆರಗಾದರು. ಆದರೆ ಆತನು ಸರ್ವಾಲಂಕಾರಭೂಷಿತನಾಗಿ ಸಭೆಯಲ್ಲಿ ಕುಳಿತಾಗ, ಅಷ್ಟರೊಳಗೇ ಆ ರೂಪವು ಕುಂದಿದೆಯೆಂದು ಮರುಗಿದರು. ಕ್ಷಣಕ್ಷಣಕ್ಕೂ ಕಳೆಯುವ ವಸ್ತುವಿನ ಮೇಲೆ ಗರ್ವಪಟ್ಟೆನಲ್ಲಾ ಎಂದು ಚಕ್ರವರ್ತಿ ದೀಕ್ಷೆಯನ್ನು ಕೈಗೊಂಡನು. ಮುಂದೆ ಘೋರ ವ್ಯಾಧಿಗಳು ದೇಹವನ್ನು ಮುತ್ತಿದಾಗ ವೈದ್ಯರ ವೇಷದಲ್ಲಿ ಬಂದ ದೇವರಿಗೆ ಆತನು ಕೇಳಿದುದು ಸಂಸಾರವೆಂಬ ವ್ಯಾಧಿಗೆ ಮದ್ದುಂಟೇ ಎಂದು.

ಇದು ಮುನಿಧರ್ಮ. ಗೃಹಸ್ಥರಿಗೆ ಇದೇ ಕಟ್ಟುಪಾಡನ್ನು ಆಚಾರ್ಯರು ವಿಧಿಸಿಲ್ಲ. ಆಹಾರ, ಔಷಧ, ಶಾಸ್ತ್ರ, ಅಭಯ ಎಂಬ ನಾಲ್ಕು ದಾನಗಳಲ್ಲಿ ಔಷಧಕ್ಕೂ ಸ್ಥಾನವಿದೆ. ಮೈನಾಸುಂದರಿಯು ಸಿದ್ಧಚಕ್ರದ ಆರಾಧನೆಯಿಂದ ಪತಿ ಶ್ರೀಪಾಲನ ಕುಷ್ಠವನ್ನು ನೀಗಿಸಿದ ಕಥೆಯನ್ನು ಶ್ರಾವಕಸಮಾಜ ಭಕ್ತಿಯಿಂದ ಕೇಳುತ್ತದೆ. ಚರ್ಮದ ರೋಗವನ್ನು ಗುಣಪಡಿಸಿಕೊಳ್ಳುವುದು ತಪ್ಪೆಂದು ಯಾವ ಆಚಾರ್ಯರೂ ಹೇಳಲಿಲ್ಲ. ಔಷಧದಾನದ ಪಕ್ಕದಲ್ಲಿಯೇ ಅಭಯದಾನವನ್ನು ಇರಿಸಿದುದು ಮಾತ್ರ ಅರ್ಥಪೂರ್ಣವಾಗಿದೆ. ಒಂದು ಜೀವಿಗೆ ಕೊಡುವ ಮದ್ದು ಇನ್ನೊಂದು ಜೀವಿಯ ಅಭಯವನ್ನು ಕಸಿದುಕೊಂಡಾಗ ಏನು ಮಾಡಬೇಕೆಂಬುದೇ ಇಲ್ಲಿಯ ಸಮಸ್ಯೆ.

ರೈನ್ ನದಿಯ ಸಾಲ್ಮನ್

ಸೌಂದರ್ಯಸಾಧನಗಳಿಗೆ ಪ್ರಾಣಿಜನ್ಯ ವಸ್ತುಗಳನ್ನು ಬಳಸುವ ರೂಢಿ ಬಹಳ ಹಳೆಯದು. ಕಸ್ತೂರಿಮೃಗದ ಕಸ್ತೂರಿ, ಪುನುಗುಬೆಕ್ಕಿನ ಜವಾದಿ ಅರಮನೆಗಳ ಲೇಪನದ್ರವ್ಯಗಳಾಗಿದ್ದವು. 12ನೆಯ ಶತಮಾನದಲ್ಲಿ ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ ಮಾನಸೋಲ್ಲಾಸದಲ್ಲಿ ಸ್ನಾನ, ವಿಲೇಪನಗಳ ಭೋಗಕ್ಕೆ ಪ್ರತ್ಯೇಕ ಪ್ರಕರಣಗಳೇ ಇವೆ.

ಪಾಲಿನ್ಯೂಕ್ಲಿಯೋಟೈಡಿನ ಕಥೆ ಆರಂಭವಾಗುವುದು ಯೂರೋಪಿನಲ್ಲಿ. 1869ರಲ್ಲಿ ಸ್ವಿಟ್ಜರ್‌ಲೆಂಡಿನ ಫ್ರೀಡ್ರಿಕ್ ಮೀಷರ್ ಎಂಬ ತರುಣ ವಿಜ್ಞಾನಿ ಜರ್ಮನಿಯ ಟ್ಯೂಬಿಂಗೆನ್ ನಗರದಲ್ಲಿ, ಗಾಯದ ಪಟ್ಟಿಗಳಿಂದ ಸಂಗ್ರಹಿಸಿದ ಕೀವಿನ ಕಣಗಳಲ್ಲಿ ಹೊಸದೊಂದು ವಸ್ತುವನ್ನು ಕಂಡನು. ಕೋಶದ ಬೀಜಕೇಂದ್ರದಲ್ಲಿ ಇದ್ದುದರಿಂದ ಅದಕ್ಕೆ ನ್ಯೂಕ್ಲೀನ್ ಎಂದು ಹೆಸರಿಟ್ಟನು. ಇಂದು ಡಿ.ಎನ್.ಎ. ಎಂದು ಕರೆಯುವುದು ಇದನ್ನೇ. ಊರಾದ ಬಾಸೆಲ್‌ಗೆ ಹಿಂತಿರುಗಿದ ಮೇಲೆ ಮೀಷರನಿಗೆ ಶುದ್ಧವಾದ ನ್ಯೂಕ್ಲೀನ್ ಹೇರಳವಾಗಿ ದೊರೆತುದು ರೈನ್ ನದಿಯ ಸಾಲ್ಮನ್ ಮೀನಿನಿಂದ. ಮೊಟ್ಟೆಯಿಡುವ ಕಾಲಕ್ಕೆ ಈ ಮೀನುಗಳು ಸಮುದ್ರದಿಂದ ಹೊರಟು ನದಿಯ ಸೆಳೆತಕ್ಕೆ ಎದುರಾಗಿ ಬಾಸೆಲ್‌ವರೆಗೂ ಬರುತ್ತಿದ್ದವು. ಸೊರಬದ ಹತ್ತುಮೀನಿನ ಹಾಗೆಯೇ, ಆದರೆ ಸಾವಿರಾರು ಪಟ್ಟು ದೀರ್ಘವಾದ ಪಯಣ. ಗಂಡು ಮೀನಿನ ವೀರ್ಯಕಣದಲ್ಲಿ ಬಹುಭಾಗ ಬೀಜಕೇಂದ್ರವೇ ಆದುದರಿಂದ ಡಿ.ಎನ್.ಎ.ಗೆ ಅದಕ್ಕಿಂತ ಸುಲಭವಾದ ಮೂಲವಿರಲಿಲ್ಲ. ಇಂದಿನ ಸೌಂದರ್ಯೋದ್ಯಮವೂ ಮೀನಿನ ವೀರ್ಯಕ್ಕೆ ಕೈಹಾಕುವುದು ಇದೇ ಕಾರಣದಿಂದ. ಆ ರೈನ್ ಸಾಲ್ಮನ್ ಅಣೆಕಟ್ಟು, ಕಾರ್ಖಾನೆಯ ಕೊಳೆ, ಮಿತಿಮೀರಿದ ಬೇಟೆಗಳಿಂದ 20ನೆಯ ಶತಮಾನದ ಮಧ್ಯಭಾಗದಲ್ಲಿ ಆ ನದಿಯಿಂದ ಮರೆಯಾಯಿತು. ಮುಂದೆ ಬೇರೆಡೆಯ ಮರಿಗಳನ್ನು ತಂದು ಬಿಡಬೇಕಾಯಿತು.

ಮೀಷರನು 1874ರಲ್ಲಿ ಅದೇ ಸಾಲ್ಮನ್ ವೀರ್ಯದಲ್ಲಿ ಪ್ರೋಟಮೈನ್ ಎಂಬ ಇನ್ನೊಂದು ವಸ್ತುವನ್ನೂ ಗುರುತಿಸಿದನು. ಡೆನ್ಮಾರ್ಕಿನ ಹಾಗೆಡಾರ್ನ್ ಎಂಬ ವೈದ್ಯನು 1936ರಲ್ಲಿ ಇದನ್ನು ಇನ್ಸುಲಿನ್ನಿಗೆ ಬೆರೆಸಿ, ಮಧುಮೇಹಿಗಳಿಗೆ ಮದ್ದು ನಿಧಾನವಾಗಿ, ದೀರ್ಘಕಾಲ ಕೆಲಸ ಮಾಡುವಂತೆ ಮಾಡಿದನು. ಎನ್.ಪಿ.ಎಚ್. ಎಂಬ ಇನ್ಸುಲಿನ್ನಿನಲ್ಲಿ ಇಂದಿಗೂ ಪ್ರೋಟಮೈನ್ ಇದೆ. ಹೃದಯದ ಶಸ್ತ್ರಕ್ರಿಯೆಯಲ್ಲಿ ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಹೆಪಾರಿನ್ನಿನ ಪ್ರಭಾವವನ್ನು ಕೊನೆಯಲ್ಲಿ ತೆಗೆದುಹಾಕುವುದೂ ಪ್ರೋಟಮೈನೇ. ಹೀಗಾಗಿ ಒಂದೇ ಮನೆಯಲ್ಲಿ ಅಜ್ಜನ ಇನ್ಸುಲಿನ್ನಿನಲ್ಲೂ ಮೊಮ್ಮಗಳ ಮುಖದ ಚುಚ್ಚುಮದ್ದಿನಲ್ಲೂ ಮೀನಿನ ಅಂಶ ಇರಬಹುದು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವುದು ಸರಿಯೇ ಎಂಬುದನ್ನು ಮುಂದೆ ನೋಡಬಹುದು.

ಗಾಯದಿಂದ ಕೆನ್ನೆಗೆ

ಡಿ.ಎನ್.ಎ.ಯ ಉದ್ದನೆಯ ಸರಪಳಿಯನ್ನು ತುಂಡರಿಸಿ, ಪ್ರೋಟೀನಿನ ಅಂಶಗಳನ್ನು ತೆಗೆದು ಶುದ್ಧೀಕರಿಸಿದ ಸಣ್ಣ ತುಣುಕುಗಳಿಗೆ ಪಿ.ಡಿ.ಆರ್.ಎನ್. ಎಂದು ಹೆಸರು. ಅದಕ್ಕಿಂತ ಉದ್ದವಾದ ಸರಪಳಿಗಳುಳ್ಳ ಲೋಳೆಯಂತಹ ದ್ರವ್ಯವನ್ನು ಪಾಲಿನ್ಯೂಕ್ಲಿಯೋಟೈಡ್ ಎಂದು ಮಾರುವುದು ರೂಢಿ. 20ನೆಯ ಶತಮಾನದ ಉತ್ತರಾರ್ಧದಲ್ಲಿ ಇಟಲಿಯಲ್ಲಿ ಇದನ್ನು ಮೊದಲು ಔಷಧವಾಗಿ ಬಳಸಿದುದು ಮಾಯದ ಗಾಯಗಳಿಗೆ. ತುಣುಕುಗಳು ಜೀವಕೋಶದ ಮೇಲಿನ ಒಂದು ಗ್ರಾಹಕವನ್ನು ಪ್ರಚೋದಿಸಿ ಉರಿಯೂತವನ್ನು ತಗ್ಗಿಸುತ್ತವೆ, ಹೊಸ ರಕ್ತನಾಳಗಳು ಮೂಡಲು ನೆರವಾಗುತ್ತವೆ, ಒಡೆದ ಅಂಶಗಳು ಕೋಶದ ದುರಸ್ತಿಗೆ ಸಾಮಗ್ರಿಯಾಗುತ್ತವೆ ಎಂಬುದು ಸಂಶೋಧಕರ ವಿವರಣೆ. ಮಧುಮೇಹಿಗಳ ಪಾದದ ಹುಣ್ಣಿನ ಮೇಲೆ ನಡೆದು 2014ರಲ್ಲಿ ಪ್ರಕಟವಾದ ಇಟಲಿಯ ಅಧ್ಯಯನದಲ್ಲಿ 200ಕ್ಕೂ ಹೆಚ್ಚು ರೋಗಿಗಳಿದ್ದರು. 8 ವಾರಗಳಲ್ಲಿ ಪೂರ್ಣ ಮಾಗಿದವರ ಪ್ರಮಾಣ ಈ ಮದ್ದು ಪಡೆದವರಲ್ಲಿ ಸುಮಾರು ಇಮ್ಮಡಿಯಾಗಿತ್ತು. ಕಾಲನ್ನೇ ಕಳೆದುಕೊಳ್ಳುವ ಭಯದಲ್ಲಿರುವ ರೋಗಿಗೆ ಇದು ಸಣ್ಣ ಮಾತಲ್ಲ.

ಗಾಯವನ್ನು ಮಾಯಿಸುವ ವಸ್ತುವು ವಯಸ್ಸಿನ ಗುರುತನ್ನೂ ಅಳಿಸಬಾರದೇಕೆ ಎಂಬ ಆಸೆಯಿಂದ ಮುಂದಿನ ಹೆಜ್ಜೆ ಬಂದಿತು. ದಕ್ಷಿಣ ಕೊರಿಯಾದಲ್ಲಿ 2014ರಲ್ಲಿ ರೆಜುರಾನ್ ಎಂಬ ಹೆಸರಿನ ಚುಚ್ಚುಮದ್ದು ಮಾರುಕಟ್ಟೆಗೆ ಬಂದಿತು. ಬಳಿಕ ಸಾಲ್ಮನ್ ಡಿ.ಎನ್.ಎ. ಚಿಕಿತ್ಸೆ ಎಂಬ ಮಾತು ಯೂರೋಪಿಗೂ ಭಾರತದ ಮಹಾನಗರಗಳಿಗೂ ಹಬ್ಬಿತು. ಕೆಲವು ವಾರಗಳ ಅಂತರದಲ್ಲಿ ಮೂರು ನಾಲ್ಕು ಸಲ ಮುಖದ ಚರ್ಮಕ್ಕೆ ಸಣ್ಣಸಣ್ಣದಾಗಿ ಚುಚ್ಚುವುದು ಕ್ರಮ. ಚರ್ಮದ ತೇವ, ನುಣುಪು ಹೆಚ್ಚಿದುದನ್ನು ಹಲವು ಅಧ್ಯಯನಗಳು ವರದಿ ಮಾಡಿವೆ. ಆದರೆ ಅವುಗಳಲ್ಲಿ ಹೆಚ್ಚಿನವು ಕೆಲವೇ ಜನರ ಮೇಲೆ, ಅಲ್ಪಾವಧಿಗೆ ನಡೆದವು. ನೋವು, ಬಾವು, ರಕ್ತ ಹೆಪ್ಪುಗಟ್ಟಿದ ಗುರುತುಗಳು ಕೆಲದಿನ ಇರುತ್ತವೆ. ಮೀನಿನ ಅಲರ್ಜಿ ಇರುವವರಿಗೆ ಇದನ್ನು ಕೊಡಬಾರದು. ಮೀನನ್ನೇ ತಿನ್ನದ ಮನೆತನದವರಿಗೆ ತಮಗೆ ಅಂತಹ ಅಲರ್ಜಿ ಇದೆಯೋ ಇಲ್ಲವೋ ತಿಳಿಯುವ ಸಂದರ್ಭವೇ ಬಂದಿರುವುದಿಲ್ಲ. ಇದನ್ನು ವೈದ್ಯರ ಗಮನಕ್ಕೆ ತರುವುದು ಅವಶ್ಯ.

ಇತರ ಚಿಕಿತ್ಸಾದ್ರವ್ಯಗಳ ಇತಿಹಾಸವೂ ಇಲ್ಲಿ ಗಮನಾರ್ಹ. ಸುಕ್ಕು ತುಂಬಲು ಬಳಸುವ ಹಯಲುರಾನಿಕ್ ಆಮ್ಲವನ್ನು 1934ರಲ್ಲಿ ಮೊದಲು ಬೇರ್ಪಡಿಸಿದುದು ದನದ ಕಣ್ಣಿನಿಂದ. ಮುಂದೆ ಹುಂಜದ ಜುಟ್ಟಿನಿಂದ ತೆಗೆದರು. ಈಗ ಬಹುಪಾಲು ಸೂಕ್ಷ್ಮಜೀವಿಗಳ ಹುದುಗುವಿಕೆಯಿಂದ ಪಡೆಯುತ್ತಾರೆ. ಬೇಡಿಕೆ ಇದ್ದಲ್ಲಿ ಬೇರೆ ದಾರಿಯನ್ನು ವಿಜ್ಞಾನ ಹುಡುಕಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ಸಸ್ಯಮೂಲದ ಪಿ.ಡಿ.ಆರ್.ಎನ್. ಎಂದು ಹೇಳಿಕೊಳ್ಳುವ ಲೇಪನಗಳೂ ಈಗಾಗಲೇ ಬಂದಿವೆ.

ಉಳಿಕೆಯ ವಾದ

ಈ ಚಿಕಿತ್ಸೆಯನ್ನು ಸಮರ್ಥಿಸುವವರು ಎರಡು ಮಾತುಗಳನ್ನು ಹೇಳುತ್ತಾರೆ. ಆಹಾರಕ್ಕಾಗಿ ಹಿಡಿದ ಮೀನಿನಲ್ಲಿ ಬಿಸಾಡುವ ಭಾಗವನ್ನಷ್ಟೇ ಬಳಸುತ್ತೇವೆ ಎಂಬುದು ಒಂದು. ಪೆಸಿಫಿಕ್ ಸಾಗರದ ಸಾಲ್ಮನ್ ವಂಶಾಭಿವೃದ್ಧಿಯ ಬಳಿಕ ತಾನಾಗಿಯೇ ಸಾಯುತ್ತದೆ ಎಂಬುದು ಇನ್ನೊಂದು. ಎರಡರಲ್ಲೂ ಸತ್ಯಾಂಶವಿದೆ, ಎರಡೂ ಪೂರ್ಣವಲ್ಲ.

ಜೈನ ವಿಚಾರದಲ್ಲಿ ಹಿಂಸೆಯು ಮಾಡುವವನ ಕೈಗಷ್ಟೇ ಸೀಮಿತವಲ್ಲ. ಮನ, ವಚನ, ಕಾಯಗಳಿಂದ ಮಾಡುವುದು, ಮಾಡಿಸುವುದು, ಮಾಡಿದುದನ್ನು ಒಪ್ಪುವುದು ಎಂಬ ಒಂಬತ್ತು ಬಗೆಗಳಲ್ಲಿ ಅದು ಅಂಟುತ್ತದೆ. ಬಿಸಾಡುವ ಭಾಗಕ್ಕೆ ಬೆಲೆ ಬಂದಾಗ ಅದು ಬಿಸಾಡುವ ಭಾಗವಾಗಿ ಉಳಿಯುವುದಿಲ್ಲ. ಮೀನುಗಾರಿಕೆಯ ಲಾಭಕ್ಕೆ ಸೇರುತ್ತದೆ. ಕೊಳ್ಳುವವನು ಆ ಲಾಭದ ಪಾಲುದಾರನಾಗುತ್ತಾನೆ. ಇನ್ನು, ಹೇಗಿದ್ದರೂ ಸಾಯುವ ಜೀವಿ ಎಂಬ ಮಾತು ಯಾವ ಜೀವಿಗೆ ಅನ್ವಯಿಸದು? ಮರಣ ನಿಶ್ಚಿತವೆಂಬುದು ಕೊಲ್ಲಲು ಅನುಮತಿಯಲ್ಲ. ಸ್ಥಾವರ ಜೀವಿಗಳ ಅನಿವಾರ್ಯ ಹಿಂಸೆಯನ್ನು ಗೃಹಸ್ಥನು ಮಿತಗೊಳಿಸಬೇಕು, ತ್ರಸಜೀವಿಗಳ ಸಂಕಲ್ಪಹಿಂಸೆಯನ್ನು ಪೂರ್ಣ ಬಿಡಬೇಕು ಎಂಬುದು ಅಣುವ್ರತದ ಗಡಿ. ಮೀನು ಪಂಚೇಂದ್ರಿಯ ಜೀವಿ.

ಮೃಗಸೇನನೆಂಬ ಬೆಸ್ತನ ಕಥೆ ಇಲ್ಲಿ ನೆನಪಿಗೆ ಬರುತ್ತದೆ. ವೃತ್ತಿಯನ್ನು ಬಿಡಲಾರದ ಆತನಿಗೆ ಮುನಿಗಳು ಕೊಟ್ಟುದು ಸಣ್ಣ ವ್ರತ: ಬಲೆಗೆ ಬಿದ್ದ ಮೊದಲ ಮೀನನ್ನು ಬಿಟ್ಟುಬಿಡಬೇಕು. ಅಂದು ಐದು ಸಲ ಬಲೆ ಬೀಸಿದರೂ ಸಿಕ್ಕಿದುದು ಅದೇ ಮೀನು. ಐದು ಸಲವೂ ಬಿಟ್ಟನು. ಆ ಪುಣ್ಯ ಮುಂದಿನ ಭವದಲ್ಲಿ ಆತನನ್ನು ಐದು ಸಲ ಸಾವಿನಿಂದ ಕಾಯಿತು. ಬೆಸ್ತನಿಗೆ ಸಾಧ್ಯವಾದ ಬಿಡುಗಡೆಯು ಕೆನ್ನೆಯ ಹೊಳಪನ್ನು ಬಯಸುವವರಿಗೆ ಅಸಾಧ್ಯವಾಗಲಾರದು.

ಹಾಗಾದರೆ ಸಸ್ಯಮೂಲದ ಬದಲಿಯ ಮಾತೇನು? 1209ರಲ್ಲಿ ಜನ್ನನು ರಚಿಸಿದ ಯಶೋಧರಚರಿತೆಯಲ್ಲಿ ರಾಜನು ಕೊಂದುದು ಹಿಟ್ಟಿನ ಕೋಳಿಯನ್ನು. ಆದರೂ ಕೊಲ್ಲುವ ಸಂಕಲ್ಪವಿದ್ದುದರಿಂದ ರಾಜನೂ ತಾಯಿ ಚಂದ್ರಮತಿಯೂ ಭವಭವಗಳಲ್ಲಿ ತೊಳಲಿದರು. ಒಂದು ಭವದಲ್ಲಿ ಯಶೋಧರನು ಮೀನಾಗಿ ಹುಟ್ಟಿ ಬೇಯುವ ಸಂಕಟವನ್ನು ತಾನೇ ಉಂಡನು. ಸಸ್ಯಮೂಲದ ಲೇಪನದಲ್ಲಿ ಕೊಲ್ಲುವ ಸಂಕಲ್ಪವಿಲ್ಲ. ಆದುದರಿಂದ ಅದನ್ನು ಹಿಟ್ಟಿನ ಕೋಳಿಗೆ ಹೋಲಿಸಲಾಗದು. ಆದರೆ ಹಿಂಸೆಯ ಲೆಕ್ಕ ವಸ್ತುವಿನಿಂದಲ್ಲ, ಭಾವದಿಂದ ಆರಂಭವಾಗುತ್ತದೆ ಎಂಬ ಜನ್ನನ ಎಚ್ಚರಿಕೆ ಇಲ್ಲಿಯೂ ಸಲ್ಲುತ್ತದೆ. ಹಸಿರು ಚುಕ್ಕೆಯೊಂದನ್ನು ನೋಡಿ ಭಾವವನ್ನು ಪರೀಕ್ಷಿಸದೆ ಬಿಡುವುದು ಅರ್ಧ ವ್ರತ.

ತಿಳಿಯುವ ಹಕ್ಕು

ತಿಳಿಯದೆ ಬಳಸಿದುದಕ್ಕೆ ಯಾರು ಹೊಣೆ ಎಂಬ ಪ್ರಶ್ನೆ ನ್ಯಾಯಾಲಯಕ್ಕೂ ಹೋಗಿದೆ. ಸೌಂದರ್ಯಸಾಧನಗಳಲ್ಲಿಯೂ ಜೀವರಕ್ಷಕವಲ್ಲದ ಔಷಧಗಳಲ್ಲಿಯೂ ಪ್ರಾಣಿಜನ್ಯ ಅಂಶವಿದ್ದರೆ ಪೊಟ್ಟಣದ ಮೇಲೆ ಗುರುತಿರಬೇಕೆಂದು ದೆಹಲಿ ಉಚ್ಚ ನ್ಯಾಯಾಲಯ 2002ರಲ್ಲಿ ಆದೇಶಿಸಿತು. ತಯಾರಕರ ಸಂಘದ ಮೇಲ್ಮನವಿಯ ಮೇರೆಗೆ ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಆ ಆದೇಶವನ್ನು ರದ್ದುಪಡಿಸಿತು. ಕಾನೂನು ಕೈಬಿಟ್ಟರೂ ಉಚ್ಚ ನ್ಯಾಯಾಲಯ ಎಳೆದ ಗೆರೆ ಗಮನಕ್ಕೆ ಅರ್ಹ. ಜೀವ ಉಳಿಸುವ ಮದ್ದನ್ನು ಅದು ಪ್ರತ್ಯೇಕಿಸಿತ್ತು. ಅಜ್ಜನ ಇನ್ಸುಲಿನ್ ಮತ್ತು ಮೊಮ್ಮಗಳ ಚುಚ್ಚುಮದ್ದು ಬೇರೆಯಾಗುವುದು ಈ ಗೆರೆಯಲ್ಲೇ. ಬದಲಿ ಇಲ್ಲದಾಗ, ಜೀವ ಉಳಿಸಲು, ಪಶ್ಚಾತ್ತಾಪ ಭಾವದಿಂದ ಸ್ವೀಕರಿಸುವುದು ಒಂದು. ಬದಲಿಗಳಿರುವಾಗ ಕಾಂತಿಗಾಗಿ ಬಯಸಿ ಪಡೆಯುವುದು ಇನ್ನೊಂದು. ಸುಟ್ಟಗಾಯ, ಮಾಯದ ಹುಣ್ಣು ಇವು ಮೊದಲನೆಯದಕ್ಕೆ ಹತ್ತಿರ. ಮುಖದ ತೀವ್ರ ಕಲೆಯಿಂದ ನೊಂದ ಕನ್ಯೆಯ ಸ್ಥಿತಿ ಎರಡರ ನಡುವೆ ಇರಬಹುದು. ಅಲ್ಲಿ ಕಠೋರವಾಗಿ ತೀರ್ಪು ಹೇಳುವುದೂ ಹಿಂಸೆಯೇ.

ಸಮಾಜ ಒಗ್ಗಟ್ಟಿನಿಂದ ನಡೆದಾಗ ಬದಲಾವಣೆ ಬಂದುದುಂಟು. ಇಂಗ್ಲೆಂಡಿನಲ್ಲಿ 1959ರಲ್ಲಿ ಆರಂಭವಾದ ಬ್ಯೂಟಿ ವಿದೌಟ್ ಕ್ರುಯೆಲ್ಟಿ ಚಳವಳಿ 1974ರಲ್ಲಿ ಪುಣೆಗೆ ಬಂದಿತು. ಮಿಠಾಯಿಗೂ ಜಿನಬಿಂಬದ ಅಲಂಕಾರಕ್ಕೂ ಬಳಸುವ ಬೆಳ್ಳಿಯ ವರಖನ್ನು ದನದ ಕರುಳಿನ ಪದರಗಳ ನಡುವೆ ಇರಿಸಿ ಬಡಿಯುತ್ತಾರೆಂಬುದನ್ನು ಆ ಸಂಸ್ಥೆ ಪ್ರಚುರಪಡಿಸಿದಾಗ ಅನೇಕ ಜೈನರು ಅದನ್ನು ಬಿಟ್ಟರು. ಆಹಾರದ ಬೆಳ್ಳಿಹಾಳೆಯ ತಯಾರಿಕೆಯ ಯಾವ ಹಂತದಲ್ಲೂ ಪ್ರಾಣಿಜನ್ಯ ವಸ್ತು ಕೂಡದೆಂಬ ನಿಯಮ 2016ರಲ್ಲಿ ಬಂದಿತು. ಸೌಂದರ್ಯಸಾಧನಗಳನ್ನು ಪ್ರಾಣಿಗಳ ಮೇಲೆ ಪ್ರಯೋಗಿಸುವುದನ್ನೂ, ಹಾಗೆ ಪ್ರಯೋಗಿಸಿದವನ್ನು ಆಮದು ಮಾಡುವುದನ್ನೂ ಭಾರತ 2014ರಲ್ಲಿ ನಿಷೇಧಿಸಿತು. ವರಖಿನ ವಿಷಯದಲ್ಲಿ ತೋರಿದ ಎಚ್ಚರವನ್ನು ಸೀಸೆಯ ವಿಷಯದಲ್ಲೂ ತೋರಬಹುದು.

ಕುಟುಂಬಗಳು ಮಾಡಬಹುದಾದುದು ಸರಳವಾಗಿದೆ. ಮದುವೆಯ ಮುನ್ನ ಚರ್ಮಚಿಕಿತ್ಸೆಗೆ ಹೋಗುವ ಹೆಣ್ಣುಮಕ್ಕಳೂ ಗಂಡುಮಕ್ಕಳೂ ಮದ್ದಿನ ಹೆಸರನ್ನಷ್ಟೇ ಅಲ್ಲ, ಅದರ ಮೂಲವನ್ನೂ ವೈದ್ಯರಲ್ಲಿ ಕೇಳಬೇಕು. ಪ್ರಾಣಿಜನ್ಯವಲ್ಲದ ದಾರಿ ಉಂಟೇ ಎಂದು ವಿಚಾರಿಸಬೇಕು. ರೋಗಕ್ಕೆ ಕೊಟ್ಟ ಮದ್ದನ್ನು ಮಾತ್ರ ವೈದ್ಯರನ್ನು ಕೇಳದೆ ನಿಲ್ಲಿಸಬಾರದು. ಬಸದಿಗಳ ಆಡಳಿತ ಮಂಡಳಿಗಳು ದಶಲಕ್ಷಣ ಪರ್ವದಲ್ಲಿ ಒಬ್ಬ ಚರ್ಮವೈದ್ಯರನ್ನೂ ಒಬ್ಬ ವಿದ್ವಾಂಸರನ್ನೂ ಒಂದೇ ವೇದಿಕೆಗೆ ಕರೆದರೆ ತರುಣರ ಸಂಶಯಗಳಿಗೆ ಉತ್ತರ ದೊರೆತೀತು. ಗದರಿಕೆಯಿಂದ ಸಾಧ್ಯವಾಗದ ಸಂಯಮ ತಿಳಿವಳಿಕೆಯಿಂದ ಸಾಧ್ಯವಾಗುತ್ತದೆ.

ದೇಹವು ಸ್ವಭಾವತಃ ಅಶುಚಿ, ರತ್ನತ್ರಯದಿಂದ ಪವಿತ್ರ ಎಂಬುದು ಸಮಂತಭದ್ರಾಚಾರ್ಯರ ಬೋಧೆ. ಜಕ್ಕಿಯಬ್ಬೆಯ ರೂಪವು ಅಂದೇ ಮಣ್ಣಾಯಿತು. ಸಾವಿರ ವರ್ಷಗಳ ಬಳಿಕವೂ ಬಂದಳಿಕೆಯ ಕಲ್ಲಿನಲ್ಲಿ ಉಳಿದಿರುವುದು ಆಕೆ ಬಿಟ್ಟುಕೊಟ್ಟ ರೀತಿ.